ಕೊಲೊರಾಡೊ ಬೆಟ್ಟದಲ್ಲಿ ಮ್ಯೂಲ್ ಡೀರ್ ಬೇಟೆ: ಲೈಸೆನ್ಸಿನಿಂದ ಅಡುಗೆಮನೆವರೆಗೆ

ಹೇಸರಗತ್ತೆಯಂಥ ಅಗಲ ಕಿವಿ, ಕಪ್ಪು ತುದಿಯ ಸಣ್ಣ ಬಾಲ, ಹೆದರಿದಾಗ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟು ಪುಟಿಯುವ ಓಟ. ಇದು ರಾಕಿ ಪರ್ವತದ ಮ್ಯೂಲ್ ಡೀರ್. ಕೊಲೊರಾಡೊದಲ್ಲಿ 2005ರ ಸುಮಾರಿಗೆ ಆರು ಲಕ್ಷದ ಹತ್ತಿರ ಇದ್ದದ್ದು ಮುಂದೆ ನಾಲ್ಕು ಲಕ್ಷದ ಆಸುಪಾಸಿಗೆ ಇಳಿಯಿತು. ಕಾರಣ ಒಂದೇ ಅಲ್ಲ. ಚಳಿಗಾಲದಲ್ಲಿ ಜಿಂಕೆ ಇಳಿದು ಬರುವ ತಗ್ಗಿನ ಕುರುಚಲು ಕಾಡನ್ನು ಗ್ಯಾಸ್ ಬಾವಿ, ರಸ್ತೆ, ಬೇಲಿ, ಮನೆಗಳು ತುಂಡು ಮಾಡಿವೆ. ಬರದಿಂದ ಮೇವು ಸೊರಗಿದೆ. ಮಿದುಳನ್ನು ತಿನ್ನುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗ ಹಬ್ಬಿದೆ. 2022–23ರ ಚಳಿಗಾಲದಲ್ಲಿ ರಾಜ್ಯದ ವಾಯವ್ಯ ಭಾಗದಲ್ಲಿ ಹಿಮ ಗಟ್ಟಿಯಾಗಿ ಕೂತು ಮರಿಗಳು ಸಾಲುಸಾಲಾಗಿ ಸತ್ತವು. ಆ ವರ್ಷ ವನ್ಯಜೀವಿ ಇಲಾಖೆ ಅಲ್ಲಿನ ಲೈಸೆನ್ಸ್‌ಗಳನ್ನು ಭಾರಿಯಾಗಿ ಕಡಿತ ಮಾಡಿತು. ಇದರ ಜೊತೆಗೆ ಪೂಮಾ ಎಂಬ ದೊಡ್ಡ ಕಾಡುಬೆಕ್ಕು, ಕರಡಿ, ತೋಳಕ್ಕಿಂತ ಚಿಕ್ಕದಾದ ಕಾಯೋಟಿ. 2023ರ ಡಿಸೆಂಬರ್‌ನಿಂದ ತೋಳಗಳೂ ಮರಳಿವೆ.

ಇಂಥ ಕಾಡಿಗೆ ಹೋಗುವವರು ಒಂದು ಲೆಕ್ಕ ಮರೆಯಬಾರದು. ಗಾಯಗೊಂಡು ಕೈಗೆ ಸಿಗದೆ ಹೋದ ಜಿಂಕೆ ಯಾರ ಟ್ಯಾಗಿನಲ್ಲೂ (ಲೈಸೆನ್ಸಿನ ಜೊತೆ ಬರುವ, ಹೊಡೆದ ಜಿಂಕೆಗೆ ಕಟ್ಟುವ ಚೀಟಿ) ಬರುವುದಿಲ್ಲ, ಆದರೆ ಹಿಂಡಿನಲ್ಲಿ ಒಂದು ಕಡಿಮೆಯಾಗಿರುತ್ತದೆ. ಒಬ್ಬರಿಗೆ ಒಂದು ಟ್ಯಾಗ್, ಒಂದು ಗಂಡು, ಒಂದೇ ಈಡು. ಕೆಳಗಿನ ಹಂತಗಳೆಲ್ಲ ಅಲ್ಲಿಗೆ ತಲುಪುವುದಕ್ಕೆ.

ಇದು ಕೊಲೊರಾಡೊದಲ್ಲಿ ನೆಲೆಸಿದ, ಅಲ್ಲಿನ ಲೈಸೆನ್ಸ್ ಪಡೆದು ಹೋಗುವ ಕನ್ನಡಿಗರಿಗೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಮಲೆನಾಡಿನ ಹಳೆಯ ಶಿಕಾರಿ ಮಾತು ಕೇಳಿ ಬೆಳೆದವರು ಇನ್ನೊಂದನ್ನೂ ನೆನಪಿಡಬೇಕು: ನಾಯಿ ಬಿಟ್ಟು ಸೋವುವುದು, ರಾತ್ರಿ ಬ್ಯಾಟರಿ ಬೆಳಕು ಬಿಟ್ಟು ಹೊಡೆಯುವುದು ಇಲ್ಲೂ ಕಾನೂನುಬಾಹಿರ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಬೇಟೆಯ ಹೊತ್ತು.

ಮೊದಲು ಕಾಗದಪತ್ರ

1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರೆಲ್ಲ ಹಂಟರ್ ಎಜುಕೇಷನ್ ತರಗತಿ ಮುಗಿಸಿ ಕಾರ್ಡ್ ಪಡೆಯಬೇಕು. ಚಳಿಗಾಲದಲ್ಲೇ ಮುಗಿಸಿಕೊಳ್ಳಿ, ಯಾಕೆಂದರೆ ಜಿಂಕೆಯ ರೈಫಲ್ ಲೈಸೆನ್ಸ್‌ಗೆ ಡ್ರಾ, ಅಂದರೆ ಚೀಟಿ ಎತ್ತುವ ಪದ್ಧತಿ, ಇದೆ ಮತ್ತು ಅರ್ಜಿಯ ಕೊನೆಯ ದಿನ ಏಪ್ರಿಲ್ ತಿಂಗಳ ಮೊದಲ ಮಂಗಳವಾರ. ಅರ್ಜಿ ಹಾಕುವ ಮುನ್ನ ಅರ್ಹತಾ ಲೈಸೆನ್ಸ್ ಒಂದನ್ನು ಕೊಂಡಿರಬೇಕು. ವಾರ್ಷಿಕ ಸ್ಮಾಲ್ ಗೇಮ್ (ಮೊಲದಂಥ ಸಣ್ಣ ಬೇಟೆಯ) ಲೈಸೆನ್ಸ್ ಆದರೆ ಸಾಕು. ರಾಜ್ಯದಲ್ಲಿ ಸತತ ಆರು ತಿಂಗಳು ವಾಸವಿದ್ದರೆ ಸ್ಥಳೀಯರ ದರ. ಇಲ್ಲದಿದ್ದರೆ ಹಲವು ಪಟ್ಟು ಹೆಚ್ಚು.

ಎಚ್-1ಬಿ, ಎಲ್-1, ಎಫ್-1 ವೀಸಾದಲ್ಲಿ ಇರುವವರು ಇಲ್ಲಿ ನಿಂತು ಓದಬೇಕು. ಫೆಡರಲ್ ಕಾನೂನಿನಂತೆ ಇಂಥ ವೀಸಾದಲ್ಲಿ ಬಂದವರು ಬಂದೂಕು, ತೋಟಾ ಇಟ್ಟುಕೊಳ್ಳುವಂತಿಲ್ಲ. ಗೆಳೆಯನ ರೈಫಲ್ ಎರವಲು ಪಡೆದು ರೇಂಜಿನಲ್ಲಿ ಹೊಡೆಯುವುದೂ ಇದರೊಳಗೇ ಬರುತ್ತದೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಆದ್ದರಿಂದ ಅನುಕ್ರಮ ಹೀಗಿರಲಿ: ಮೊದಲು ತರಗತಿ, ನಂತರ ಸ್ಮಾಲ್ ಗೇಮ್ ಲೈಸೆನ್ಸ್, ಆಮೇಲೆ ರೈಫಲ್ ಮುಟ್ಟುವುದು. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ಮನೆಯ ಪೆಟ್ಟಿಗೆಯಲ್ಲಿ ರೈಫಲ್ ಇದ್ದರೆ ತೊಂದರೆಯೇ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ. ಒಂದು ತಪ್ಪಿನಿಂದ ವೀಸಾಕ್ಕೇ ಕುತ್ತು ಬರಬಹುದು, ಹಾಗಾಗಿ ವಲಸೆ ವಕೀಲರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ.

ಯೂನಿಟ್ ಆರಿಸುವುದು

ಯೂನಿಟ್ ಎಂದರೆ ಲೈಸೆನ್ಸ್ ಅನ್ವಯಿಸುವ ಬೇಟೆ ವಲಯ. ಹೊಸಬರು ನೋಡುವುದು ಎಲ್ಲಿ ದೊಡ್ಡ ಕೊಂಬು ಸಿಗುತ್ತದೆ ಎಂದು. ನೋಡಬೇಕಾದ್ದು ಮೂರು ಅಂಕಿ. ನೂರು ಹೆಣ್ಣಿಗೆ ಎಷ್ಟು ಮರಿ, ನೂರು ಹೆಣ್ಣಿಗೆ ಎಷ್ಟು ಗಂಡು, ಹಿಂಡಿನ ಗುರಿ ಸಂಖ್ಯೆಗಿಂತ ಈಗಿನ ಅಂದಾಜು ಎಷ್ಟು ಕೆಳಗಿದೆ. ಮೂರೂ ಇಲಾಖೆ ಪ್ರಕಟಿಸುವ ಹಿಂಡಿನ ನಿರ್ವಹಣಾ ಯೋಜನೆಗಳಲ್ಲಿ ಸಿಗುತ್ತವೆ. ಚಳಿಗಾಲದ ಆರಂಭದ ಎಣಿಕೆಯಲ್ಲಿ ನೂರು ಹೆಣ್ಣಿಗೆ 60–70 ಮರಿ ಇದ್ದರೆ ಹಿಂಡು ಸಾಮಾನ್ಯವಾಗಿ ತನ್ನ ಸಂಖ್ಯೆ ಉಳಿಸಿಕೊಳ್ಳುತ್ತದೆ. ಅದಕ್ಕಿಂತ ತೀರ ಕೆಳಗಿದ್ದರೆ ಹಿಂಡು ಸವೆಯುತ್ತಿದೆ ಎಂದೇ ಅರ್ಥ.

ಸವೆಯುವ ಹಿಂಡಿನಲ್ಲಿ ಹೆಣ್ಣಿನ ಟ್ಯಾಗ್ ಬೇಡ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ ಕೆಲವು ಗಂಡು ಕಡಿಮೆಯಾದರೂ ಮುಂದಿನ ವರ್ಷದ ಮರಿಗಳ ಸಂಖ್ಯೆ ಹೆಚ್ಚೇನೂ ತಗ್ಗದು. ಒಂದು ಬಲಿತ ಹೆಣ್ಣು ಹೋದರೆ ಅದು ಮುಂದೆ ಹಾಕಬೇಕಿದ್ದ ಮರಿಗಳೆಲ್ಲ ಹೋದಂತೆ.

ಸೀಸನ್ ವಿಷಯ. ಎರಡನೇ ರೈಫಲ್ ಸೀಸನ್ ಅಕ್ಟೋಬರ್ ಕೊನೆಗೆ, ನಾಲ್ಕನೆಯದು ನವೆಂಬರ್ ನಡುವಿನಿಂದ. ನಾಲ್ಕರಲ್ಲಿ ಬೆದೆಯ ಕಾಲ. ಗಂಡು ಎಚ್ಚರ ಮರೆತು ಬಯಲಿಗೆ ಬರುತ್ತದೆ, ಅದಕ್ಕೇ ಲೈಸೆನ್ಸ್ ಕಡಿಮೆ, ಪ್ರಿಫರೆನ್ಸ್ ಪಾಯಿಂಟ್ (ಡ್ರಾದಲ್ಲಿ ಸಿಗದ ವರ್ಷಗಳಿಗೆ ಕೂಡುತ್ತ ಹೋಗುವ ಆದ್ಯತೆಯ ಅಂಕ) ಹೆಚ್ಚು ಬೇಕು. ಮೊದಲ ಸಲದವರಿಗೆ ಎರಡನೇ ಸೀಸನ್ ಸಾಕು. ಫ್ಲ್ಯಾಟ್ ಟಾಪ್ಸ್ ಎತ್ತರದಿಂದ ಮೀಕರ್ ಊರಿನ ಕಡೆಯ ತಗ್ಗಿಗೆ ಇಳಿಯುವ ವೈಟ್ ರಿವರ್ ಹಿಂಡು ರಾಜ್ಯದ ಅತಿ ದೊಡ್ಡ ಹಿಂಡುಗಳಲ್ಲಿ ಒಂದು. ಅಕ್ಟೋಬರ್ ಕೊನೆಗೆ ಅದರ ಜಿಂಕೆಗಳನ್ನು 7,500ರಿಂದ 9,000 ಅಡಿ ನಡುವಿನ ಆಸ್ಪೆನ್ ತೋಪು, ಓಕ್ ಕುರುಚಲಿನಲ್ಲಿ ಹುಡುಕಬೇಕು. ಜೋರಾಗಿ ಹಿಮ ಬಿದ್ದರೆ ಒಂದೆರಡು ದಿನದಲ್ಲಿ ಸಾವಿರ ಅಡಿ ಕೆಳಗೆ ಸರಿದಿರುತ್ತವೆ.

ಖಾಸಗಿ ಜಮೀನಿಗೆ ಬೋರ್ಡ್ ಇಲ್ಲದಿದ್ದರೂ ಅನುಮತಿ ಕಡ್ಡಾಯ. ಜಮೀನಿನ ಗಡಿ ತೋರಿಸುವ ಮ್ಯಾಪ್ ಆ್ಯಪನ್ನು ಆಫ್‌ಲೈನ್ ಇಳಿಸಿಕೊಂಡೇ ಹೊರಡಿ. ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ.

ರೈಫಲ್, ಗುಂಡು, ನಿಮ್ಮ ದೂರ

ಕನಿಷ್ಠ 6 ಎಂಎಂ ಕ್ಯಾಲಿಬರ್, ಜಿಂಕೆಗೆ 70 ಗ್ರೇನ್ ಅಥವಾ ಹೆಚ್ಚು ತೂಕದ, ಬಡಿದಾಗ ಅರಳುವ ಗುಂಡು: ಇದು ರಾಜ್ಯದ ನಿಯಮ. 6.5 ಕ್ರೀಡ್‌ಮೋರ್, .270, .308 ಮೂರರಲ್ಲಿ ಯಾವುದಾದರೂ ಸರಿ. ಸಾಧ್ಯವಾದರೆ ತಾಮ್ರದ ಗುಂಡು ಬಳಸಿ. ಸೀಸದ ಗುಂಡು ಚೂರಾಗಿ ಮಾಂಸದಲ್ಲೂ ಕರುಳಿನ ರಾಶಿಯಲ್ಲೂ ಉಳಿಯುತ್ತದೆ; ಆ ರಾಶಿ ತಿನ್ನುವ ಗೋಲ್ಡನ್ ಈಗಲ್‌ಗಳಿಗೆ ವಿಷವಾಗುತ್ತದೆ.

200 ಗಜಕ್ಕೆ ಝೀರೋ ಮಾಡಿ, ಅಂದರೆ ಆ ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಸ್ಕೋಪ್ ಹೊಂದಿಸಿ. ಆಗ 100 ಗಜದಲ್ಲಿ ಗುಂಡು ಒಂದೂವರೆಯಿಂದ ಎರಡು ಇಂಚು ಮೇಲೆ, 300ರಲ್ಲಿ ಸುಮಾರು 8 ಇಂಚು ಕೆಳಗೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ 300 ಗಜದಲ್ಲಿ ಗುಂಡನ್ನು ಸುಮಾರು 6 ಇಂಚು ತಳ್ಳುತ್ತದೆ. ಜಿಂಕೆಯ ಗುಂಡಿಗೆ–ಶ್ವಾಸಕೋಶದ ಜಾಗ ಹೆಚ್ಚುಕಡಿಮೆ 8 ಇಂಚಿನ ತಟ್ಟೆಯಷ್ಟು. ಎರಡೂ ಲೆಕ್ಕ ಸೇರಿಸಿದರೆ 300 ಗಜ ಹೊಸಬರ ದೂರ ಅಲ್ಲ ಎಂಬುದು ತಾನಾಗೇ ಹೊಳೆಯುತ್ತದೆ.

ನಿಮ್ಮ ದೂರವನ್ನು ಹೀಗೆ ಗೊತ್ತು ಮಾಡಿಕೊಳ್ಳಿ. 8 ಇಂಚಿನ ಕಾಗದದ ತಟ್ಟೆ ನಿಲ್ಲಿಸಿ. ಇಪ್ಪತ್ತು ಬಸ್ಕಿ ಹೊಡೆದು, ಏದುಸಿರಿನಲ್ಲೇ ನೆಲಕ್ಕೆ ಕೂತು, ಶೂಟಿಂಗ್ ಸ್ಟಿಕ್ ಮೇಲೆ ರೈಫಲ್ ಇಟ್ಟು ಅರ್ಧ ನಿಮಿಷದೊಳಗೆ ಹೊಡೆಯಿರಿ. ಹೀಗೆ ಐದು ಸಲ. ಐದೂ ತಟ್ಟೆಯೊಳಗೆ ಬಿದ್ದ ಅತಿ ಹೆಚ್ಚು ದೂರವೇ ನಿಮ್ಮ ಮಿತಿ. ನಾಲ್ಕು ಬಿದ್ದರೆ ಆ ದೂರ ನಿಮ್ಮದಲ್ಲ. ರೇಂಜಿನ ಮೇಜಿನ ಮೇಲೆ ಮರಳುಚೀಲ ಇಟ್ಟು ಹೊಡೆದ ಗುರಿ ಬೆಟ್ಟದಲ್ಲಿ ಕೆಲಸಕ್ಕೆ ಬಾರದು. ಅಲ್ಲಿ ಮೇಜೂ ಇಲ್ಲ, ಸಮತಟ್ಟು ನೆಲವೂ ಇಲ್ಲ.

ಇಳಿಜಾರಿನಲ್ಲಿ ಎಷ್ಟೋ ಈಡುಗಳು ಜಿಂಕೆಯ ಬೆನ್ನ ಮೇಲೆ ಹಾದುಹೋಗುತ್ತವೆ. ಕಣ್ಣಿಗೆ ಕಾಣುವ ದೂರ 300 ಗಜ, ಇಳಿಜಾರು 30 ಡಿಗ್ರಿ ಇದ್ದರೆ ಗುಂಡು ಬೀಳುವ ಲೆಕ್ಕಕ್ಕೆ ಸಮತಲದ ದೂರ 260 ಗಜ ಮಾತ್ರ. ಮೇಲಕ್ಕೆ ಹೊಡೆದರೂ ಕೆಳಕ್ಕೆ ಹೊಡೆದರೂ ಇದೇ ಲೆಕ್ಕ. ಕೋನ ಲೆಕ್ಕ ಹಾಕುವ ರೇಂಜ್‌ಫೈಂಡರ್ ತೆಗೆದುಕೊಳ್ಳಿ. ಕ್ಯಾಂಪ್ ತಲುಪಿದ ಮೇಲೆ ಗುರಿಯ ಹಿಂದೆ ಮಣ್ಣಿನ ದಿಬ್ಬ ಇರುವಲ್ಲಿ ಎರಡು ಗುಂಡು ಹೊಡೆದು ಸ್ಕೋಪ್ ಅಲುಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಮಣ್ಣುರಸ್ತೆಯ ಕುಲುಕಾಟಕ್ಕೆ ಝೀರೋ ತಪ್ಪುವುದು ಅಪರೂಪವಲ್ಲ.

ಮೈಮೇಲೆ ಸೊಂಟದಿಂದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಬೇಕು, ಜೊತೆಗೆ ಎಲ್ಲ ದಿಕ್ಕಿನಿಂದ ಕಾಣುವ ಅದೇ ಬಣ್ಣದ ಟೋಪಿ. ಮರೆಮಾಚುವ ಚಿತ್ತಾರದ ಕಿತ್ತಳೆ ಲೆಕ್ಕಕ್ಕಿಲ್ಲ. ವಾಹನದಲ್ಲಿ ರೈಫಲ್ ಖಾಲಿ ಇರಲಿ.

ತಿನ್ನುವ ಬಾಯಿ ಹೆಚ್ಚಿರುವಲ್ಲಿ ಜಿಂಕೆ ಎಲ್ಲಿರುತ್ತದೆ

ಊರಲ್ಲೆಲ್ಲ ತೋಳದ್ದೇ ಮಾತು. 2020ರಲ್ಲಿ ಮತದಾರರು ತೋಳಗಳನ್ನು ಮರಳಿ ತರುವ ಪ್ರಸ್ತಾವ 114 ಒಪ್ಪಿದರು; 2023ರ ಡಿಸೆಂಬರ್‌ನಲ್ಲಿ ಆರೆಗನ್‌ನಿಂದ ತಂದ 10 ತೋಳಗಳನ್ನು ಗ್ರ್ಯಾಂಡ್ ಮತ್ತು ಸಮಿಟ್ ಕೌಂಟಿಗಳಲ್ಲಿ ಬಿಟ್ಟರು, 2025ರ ಜನವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಇನ್ನೂ 15. ಆದರೆ ರಾಕಿ ಪರ್ವತದ ತೋಳಕ್ಕೆ ಮುಖ್ಯ ಆಹಾರ ಎಲ್ಕ್ ಎಂಬ ದೊಡ್ಡ ಜಿಂಕೆ. ಮ್ಯೂಲ್ ಡೀರ್‌ಗೆ ದೊಡ್ಡ ಪೆಟ್ಟು ಪೂಮಾದ್ದು. ಬಲಿತ ಪೂಮಾ ಸುಮಾರು ವಾರಕ್ಕೊಂದು ಜಿಂಕೆ ಹಿಡಿಯುತ್ತದೆ. ಇಲಾಖೆಯ ಅಂದಾಜಿನಂತೆ ರಾಜ್ಯದಲ್ಲಿ ಮರಿ ಬಿಟ್ಟು 3,800–4,400 ಪೂಮಾ, 17,000–20,000 ಕಪ್ಪು ಕರಡಿ.

ಹಾಗಾದರೆ ಪೂಮಾ, ಕಾಯೋಟಿಗಳನ್ನು ಕೊಂದರೆ ಜಿಂಕೆ ಹೆಚ್ಚುತ್ತವೆಯೇ? ಆಗ್ನೇಯ ಐಡಾಹೊದಲ್ಲಿ 1997ರಿಂದ 2003ರವರೆಗೆ ಇದನ್ನೇ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡನ್ನೂ ಕಡಿಮೆ ಮಾಡಿದ ಕಡೆ ಮರಿಗಳ ಉಳಿವು ಕೆಲಮಟ್ಟಿಗೆ ಸುಧಾರಿಸಿತು, ಹಿಂಡಿನ ಒಟ್ಟು ಬೆಳವಣಿಗೆ ಮಾತ್ರ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಹವಾಮಾನ, ಚಳಿಗಾಲದ ಮೇವು ಹೆಚ್ಚು ನಿರ್ಣಾಯಕ. ಆದ್ದರಿಂದ ಪರಭಕ್ಷಕಗಳನ್ನು ದ್ವೇಷಿಸುತ್ತ ತಿರುಗುವುದಕ್ಕಿಂತ ಅವು ಜಿಂಕೆಯನ್ನು ಎಲ್ಲಿಗೆ ಸರಿಸಿವೆ ಎಂದು ಓದುವುದು ಮೇಲು.

ಪೂಮಾ ಹೊಂಚು ಹಾಕುವುದು ಮರೆಯ ಅಂಚಿನಲ್ಲಿ: ಬಂಡೆಸಾಲಿನ ಬುಡ, ದಟ್ಟ ಜೂನಿಪರ್. ಅದಕ್ಕೇ ಜಿಂಕೆ ಸುತ್ತ ನೂರು ಗಜ ಕಾಣುವಂಥ ಕುರುಚಲು ಇಳಿಜಾರನ್ನು ಆರಿಸುತ್ತದೆ, ಹುಲ್ಲುಗಾವಲಿನ ನಡುವನ್ನಲ್ಲ. ತೋಳ ಓಡಾಡುವ ಕಡೆ ಜಿಂಕೆ ಕಡಿದಾದ, ಒಡಕಲು ನೆಲವನ್ನು ಹಿಡಿಯುತ್ತದೆ. ಏರಿನಲ್ಲಿ ಪುಟಿದು ಓಡುವ ಓಟ ಅಲ್ಲೇ ಉಪಯೋಗಕ್ಕೆ ಬರುವುದು. ಬಲಿತ ಗಂಡು ಮಲಗುವ ಜಾಗ ಬಹುಮಟ್ಟಿಗೆ ಒಂದೇ ಬಗೆ: ಇಳಿಜಾರಿನ ಮೇಲಿನ ಮೂರನೇ ಒಂದು ಭಾಗದಲ್ಲಿ, ಬೆನ್ನಿಗೆ ಬಂಡೆ ಅಥವಾ ಬಿದ್ದ ಮರ, ಮುಖದ ಮುಂದೆ ಇಡೀ ಕಣಿವೆ.

ಕುರುಹು ಓದಿ. ತೋಳದ ಹೆಜ್ಜೆ 10–12 ಸೆಂ.ಮೀ. ಉದ್ದ, ಉಗುರಿನ ಗುರುತು ಇರುತ್ತದೆ. ಕಾಯೋಟಿಯದು 6–7 ಸೆಂ.ಮೀ. ಪೂಮಾದ್ದು ದುಂಡಗೆ, 8–9 ಸೆಂ.ಮೀ. ಅಗಲ, ಉಗುರು ಕಾಣದು, ಅಂಗಾಲಿನ ಗದ್ದಿಗೆಯ ಹಿಂಬದಿಯಲ್ಲಿ ಮೂರು ಉಬ್ಬು. ಒಂದೆಡೆ ಮ್ಯಾಗ್‌ಪೈ, ಕಾಡುಕಾಗೆಗಳು ಇಳಿದು ಏಳುತ್ತಿದ್ದರೆ ಅಲ್ಲಿ ಹೆಣವಿದೆ. ಎಳೆದುಕೊಂಡು ಹೋದ ಗೀರು, ಕಿತ್ತ ಕೂದಲ ಗುಪ್ಪೆ, ಮೇಲೆ ತರಗೆಲೆ, ಹುಲ್ಲು, ಹಿಮ ಗೋರಿ ಮುಚ್ಚಿದ ಮೈ, ಅದರಡಿಯಿಂದ ಒಂದು ಗೊರಸು ಹೊರಗೆ ಚಾಚಿರುವುದು: ಇದು ಪೂಮಾ ಬಚ್ಚಿಟ್ಟ ಬೇಟೆ. ಅದು ಹತ್ತಿರದಲ್ಲೇ ಮಲಗಿರುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ಆ ಇಳಿಜಾರು ಬಿಟ್ಟುಬಿಡಿ. ಒಂದೆರಡು ದಿನ ಅಲ್ಲಿ ಜಿಂಕೆಯೂ ನಿಲ್ಲದು.

ತೋಳಕ್ಕೆ ಇಲ್ಲಿ ಕಾನೂನಿನ ರಕ್ಷಣೆ ಇದೆ. ಕೊಂದರೆ ಒಂದು ಲಕ್ಷ ಡಾಲರ್‌ವರೆಗೆ ದಂಡ, ಜೈಲೂ ಆಗಬಹುದು. ಕಾಯೋಟಿ ಎಂದುಕೊಂಡೆ ಎನ್ನುವ ನೆಪ ನಡೆಯದು.

ಗಾಳಿ

ಮ್ಯೂಲ್ ಡೀರ್ ಕಣ್ಣಿಗೆ ಬಿದ್ದರೆ ಒಮ್ಮೊಮ್ಮೆ ನಿಂತು ನೋಡುತ್ತದೆ. ವಾಸನೆ ಸಿಕ್ಕಿದರೆ ನಿಲ್ಲುವ ಮಾತೇ ಇಲ್ಲ. ಬೆಟ್ಟದ ಗಾಳಿಗೆ ದಿನಚರಿ ಇದೆ: ರಾತ್ರಿಯಿಂದ ಬೆಳಗಿನವರೆಗೆ ತಂಪುಗಾಳಿ ಕಣಿವೆಗೆ ಇಳಿಯುತ್ತದೆ, ಬಿಸಿಲು ಇಳಿಜಾರಿಗೆ ಬಿದ್ದು ನೆಲ ಕಾದ ಮೇಲೆ ಮೇಲಕ್ಕೆ ಏರುತ್ತದೆ, ಸಂಜೆ ನೆರಳು ಬಿದ್ದೊಡನೆ ಮತ್ತೆ ಇಳಿಯುತ್ತದೆ. ಹಾಗಾಗಿ ನಸುಕಿನಲ್ಲಿ ಜಿಂಕೆಗಿಂತ ಕೆಳಗೆ ಅಥವಾ ಪಕ್ಕದಲ್ಲಿ, ಹತ್ತು ಗಂಟೆಯ ಮೇಲೆ ಜಿಂಕೆಗಿಂತ ಮೇಲೆ ಇರಬೇಕು. ತಿರುಗುವ ಹೊತ್ತಿನಲ್ಲಿ ಅರ್ಧ ಗಂಟೆ ಗಾಳಿ ಸುಳಿಯುತ್ತದೆ. ಆಗ ಹತ್ತಿರ ಹೋಗುವ ಸಾಹಸ ಬೇಡ, ಕೂತಲ್ಲೇ ಕೂತಿರಿ. ಟಾಲ್ಕಂ ಪುಡಿಯ ಸಣ್ಣ ಬಾಟಲಿ ಜೇಬಿನಲ್ಲಿರಲಿ, ಹತ್ತು ನಿಮಿಷಕ್ಕೊಮ್ಮೆ ಚಿಮುಕಿಸಿ ನೋಡಿ.

ಕೂತು ಹುಡುಕುವುದು

ನಡೆದು ಹುಡುಕಿದರೆ ಜಿಂಕೆ ನಿಮ್ಮನ್ನು ಮೊದಲು ಕಾಣುತ್ತದೆ. ಹಿಂಡು ತೆಳುವಾದ ಕಡೆ ಹೀಗೆ ಓಡಿಸಿದ ಒಂದು ಗಂಡಿನ ಬದಲಿಗೆ ಇನ್ನೊಂದು ಸಿಗದು. ಬೆಳಕು ಹರಿಯುವ ಮುನ್ನ ಎದುರಿನ ಇಳಿಜಾರು ಕಾಣುವ ಏಣಿನ ಮೇಲೆ, ಆಕಾಶಕ್ಕೆ ನಿಮ್ಮ ಆಕಾರ ಕಾಣದಂತೆ ತುದಿಯಿಂದ ಸ್ವಲ್ಪ ಕೆಳಗೆ ಕೂರಿ. ಅಡಿಗೆ ಫೋಮ್ ತುಂಡು ಹಾಕಿಕೊಳ್ಳಿ; ಹಿಮದ ಮೇಲೆ ಬರಿದೇ ಕೂತರೆ ಇಪ್ಪತ್ತು ನಿಮಿಷಕ್ಕೆ ಎದ್ದು ಹೊರಡುವ ಮನಸ್ಸಾಗುತ್ತದೆ.

10x42 ಬೈನಾಕ್ಯುಲರನ್ನು ಟ್ರೈಪಾಡ್ ಮೇಲೆ ಕೂರಿಸಿ. ಕೈಯಲ್ಲಿ ಹಿಡಿದು ನೋಡಿದವರಿಗೂ ಟ್ರೈಪಾಡ್ ಮೇಲೆ ನೋಡಿದವರಿಗೂ ಕಾಣುವ ಜಿಂಕೆಗಳ ಸಂಖ್ಯೆಯೇ ಬೇರೆ, ಯಾಕೆಂದರೆ ಚಿತ್ರ ನಿಂತಾಗಲೇ ಕಿವಿಯ ಅಲುಗಾಟ ಕಣ್ಣಿಗೆ ಬೀಳುವುದು. ಇಳಿಜಾರನ್ನು ಗದ್ದೆ ಮಡಿಗಳಂತೆ ಮನಸ್ಸಲ್ಲೇ ಭಾಗ ಮಾಡಿ, ಒಂದೊಂದನ್ನೂ ಹತ್ತು ಸೆಕೆಂಡ್ ನೋಡಿ, ಎಡದಿಂದ ಬಲಕ್ಕೆ. ಇಡೀ ಜಿಂಕೆಯನ್ನು ಹುಡುಕಬೇಡಿ. ನೇರ ಕಾಂಡಗಳ ನಡುವೆ ಅಡ್ಡಗೆರೆಯಾಗಿ ಕಾಣುವ ಬೆನ್ನು, ಬಿಳಿ ಪೃಷ್ಠ, ಓಕ್ ಕೊಂಬೆಗಿಂತ ತುಸು ಹೊಳೆಯುವ ಕೊಂಬಿನ ಕವಲು. ಎರಡು ಗಂಟೆ ಕಡಿಮೆಯೇ. ಜಿಂಕೆ ಒಂಬತ್ತರ ಸುಮಾರಿಗೆ ಮಲಗಲು ಹೋಗುವ ದಾರಿಯನ್ನು ಕಂಡರೆ ಅರ್ಧ ಕೆಲಸ ಮುಗಿದಂತೆ.

ಹತ್ತಿರ ಹೋಗುವ ಮುನ್ನ ಅದು ಮಲಗಿದ ಜಾಗದ ಫೋಟೋ ತೆಗೆದು, ಗುರುತಿಗೆ ಒಂದು ಒಣಮರವನ್ನೋ ಬಂಡೆಯನ್ನೋ ಹಿಡಿಯಿರಿ. ಆ ಬದಿಗೆ ದಾಟಿದ ಮೇಲೆ ಕಾಡು ಬೇರೆಯದೇ ಆಗಿ ಕಾಣುತ್ತದೆ.

ಈಡು ಮತ್ತು ಜಾಡು

ಪಕ್ಕೆ ತಿರುಗಿಸಿ ನಿಂತಾಗ ಮಾತ್ರ ಹೊಡೆಯಿರಿ. ಮುಂಗಾಲಿನ ಹಿಂಬದಿಯ ಗೆರೆಯಲ್ಲಿ, ಮೈಯ ಎತ್ತರದ ಕೆಳಗಿನ ಮೂರನೇ ಒಂದು ಭಾಗಕ್ಕಿಂತ ತುಸು ಮೇಲೆ. ಎದುರು ನಿಂತದ್ದು, ಹಿಂಬದಿ ತೋರಿಸಿದ್ದು, ಓಡುತ್ತಿರುವುದು, ಆಕಾಶದ ಅಂಚಿನಲ್ಲಿ ನಿಂತದ್ದು ಎಲ್ಲವನ್ನೂ ಬಿಡಿ. ಹಿಂದೆ ಇನ್ನೊಂದು ಜಿಂಕೆ ಇದ್ದರೂ ಬಿಡಿ.

ಹೊಡೆದೊಡನೆ ಎರಡನೇ ತೋಟಾ ಏರಿಸಿ ಸ್ಕೋಪಿನಲ್ಲೇ ನೋಡುತ್ತಿರಿ. ಅದು ನಿಂತಿದ್ದ ಜಾಗ, ಕೊನೆಗೆ ಕಂಡ ಜಾಗ ಎರಡನ್ನೂ ಗುರುತಿಟ್ಟು ನೀವು ಕೂತಲ್ಲಿ ಟೇಪ್ ಕಟ್ಟಿ ಹೊರಡಿ. ರಕ್ತ ಏನು ಹೇಳುತ್ತದೆ ನೋಡಿ. ನೊರೆ ಬೆರೆತ ತಿಳಿಗೆಂಪು ಶ್ವಾಸಕೋಶದ್ದು, ಅರ್ಧ ಗಂಟೆ ಕಾದು ಹೋದರೆ ನೂರು ಗಜದೊಳಗೆ ಸಿಗುತ್ತದೆ. ಕಡುಗೆಂಪು ಆದರೆ ಪಿತ್ತಜನಕಾಂಗ, ಎರಡು–ಮೂರು ಗಂಟೆ ಕಾಯಬೇಕು. ಹಸಿರು ಮೇವಿನ ಚೂರು, ಹುಳಿ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ. ಆರರಿಂದ ಎಂಟು ಗಂಟೆ ಕಾಯುವುದು ಪದ್ಧತಿ. ಬೇಗ ಬೆನ್ನು ಹತ್ತಿದರೆ ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಆದರೆ ಕರಡಿ, ಕಾಯೋಟಿ ಹೆಚ್ಚಿರುವಲ್ಲಿ ರಾತ್ರಿ ಬಿಟ್ಟರೆ ಬೆಳಗ್ಗೆ ಎಲುಬು ಮಾತ್ರ ಉಳಿದಿರಬಹುದು. ಮಧ್ಯಾಹ್ನ ಮೂರರ ಮೇಲೆ 150 ಗಜ ಮೀರಿದ ಈಡು ಬೇಡ ಎನ್ನುವುದು ಇದಕ್ಕೇ. ಗಾಯದ ಜಿಂಕೆಯನ್ನು ಹುಡುಕಲು ಪ್ರಾಮಾಣಿಕ ಪ್ರಯತ್ನ ಮಾಡುವುದು ಕಾನೂನೂ ಹೌದು. ಜಾಡು ತಪ್ಪಿದರೆ ಕೊನೆಯ ಹನಿಯ ಬಳಿ ಕಾಗದ ಕಟ್ಟಿ, ಅಲ್ಲಿಂದ ಹತ್ತು ಗಜಕ್ಕೊಂದು ಸುತ್ತು ಹಿಗ್ಗಿಸುತ್ತ ಹುಡುಕಿ.

ಕಡಿದು ಹೊರುವುದು

ಮೊದಲು ಟ್ಯಾಗಿಗೆ ತಾರೀಕು, ಸಹಿ. ಕೈಗವಸು ಹಾಕಿ. ಹೊಟ್ಟೆ ಬಗೆಯದ ವಿಧಾನವೇ ಒಳ್ಳೆಯದು: ಗಲೀಜು ಕಡಿಮೆ, ಬೆನ್ನುಹುರಿ ಕೊಯ್ಯಬೇಕಿಲ್ಲ. ಒಂದು ಪಕ್ಕೆಗೆ ಮಲಗಿಸಿ ಕತ್ತಿನ ಬುಡದಿಂದ ಬಾಲದವರೆಗೆ ಬೆನ್ನೆಲುಬಿನ ಗೆರೆಯಲ್ಲಿ ಸೀಳಿ ಚರ್ಮವನ್ನು ಕೆಳಕ್ಕೆ ಸುಲಿಯಿರಿ. ಮುಂಗಾಲಿಗೆ ಮೂಳೆಯ ಕೀಲಿಲ್ಲ, ಎತ್ತಿ ಹಿಡಿದು ಪಕ್ಕೆಲುಬಿನ ಗುಂಟ ಚಾಕು ಎಳೆದರೆ ಬರುತ್ತದೆ. ಬೆನ್ನಿನ ಉದ್ದದ ಮಾಂಸವನ್ನು ಕತ್ತಿನಿಂದ ಸೊಂಟದವರೆಗೆ ಒಂದೇ ಪಟ್ಟಿಯಾಗಿ ಬಿಡಿಸಿ. ಹಿಂದೊಡೆಯನ್ನು ಸೊಂಟದ ಮೂಳೆಯ ಅಂಚಿನಲ್ಲೇ ಕೊಯ್ಯುತ್ತ ಗುಂಡು ಕೀಲಿಗೆ ಬಂದು ನರ ಕತ್ತರಿಸಿ. ಕೊನೆಯ ಪಕ್ಕೆಲುಬಿನ ಹಿಂದೆ ಸಣ್ಣ ಸೀಳು ಮಾಡಿ, ಕರುಳನ್ನು ಅಂಗೈಯಿಂದ ಕೆಳಕ್ಕೆ ಒತ್ತಿ, ಒಳಗಿನ ಮೆದು ಮಾಂಸದ ತುಂಡನ್ನು ಬೆರಳಿನಿಂದ ಬಿಡಿಸಿ. ಮಗ್ಗುಲು ಬದಲಿಸಿ ಹಾಗೆಯೇ ಮಾಡಿ. ಒಂದು ತೊಡೆಯಲ್ಲಿ ಗಂಡೆಂದು ತೋರಿಸುವ ಅಂಗ ಅಂಟಿಕೊಂಡೇ ಇರಲಿ, ಇದೂ ನಿಯಮ. ನಾಲ್ಕು ಕಾಲು, ಬೆನ್ನು ಮಾಂಸ, ಒಳಮಾಂಸ ಯಾವುದನ್ನೂ ಕಾಡಲ್ಲಿ ಬಿಡುವಂತಿಲ್ಲ.

ಬಲಿತ ಗಂಡಿನಿಂದ ಮೂಳೆ ಬಿಟ್ಟು 25–32 ಕೆ.ಜಿ. ಮಾಂಸ. ಇಬ್ಬರಿಗೆ ಒಂದು ಸುತ್ತು, ಒಬ್ಬರಿಗೆ ಎರಡು. ಬಟ್ಟೆಯ ಚೀಲಕ್ಕೆ ಹಾಕಿ, ಪ್ಲಾಸ್ಟಿಕ್‌ಗೆ ಬೇಡ. ಮೈಶಾಖ ಹೊರಹೋಗದೆ ಮೂಳೆಯ ಬಳಿ ಹುಳಿಯುತ್ತದೆ. ಉಳಿದ ದೇಹದಿಂದ ನೂರು ಗಜ ದೂರ, ನೆರಳಲ್ಲಿ, ದೂರದಿಂದಲೇ ಕಾಣುವ ಕೊಂಬೆಗೆ ನೇತುಹಾಕಿ. ಎರಡನೇ ಹೊರೆಗೆ ಮರಳುವಾಗ ಮೊದಲು ಬೈನಾಕ್ಯುಲರಿನಲ್ಲಿ ನೋಡಿ, ಗಟ್ಟಿಯಾಗಿ ಮಾತಾಡುತ್ತ ಹೋಗಿ, ಬೇರ್ ಸ್ಪ್ರೇ ಸೊಂಟದಲ್ಲಿರಲಿ, ಚೀಲದೊಳಗಲ್ಲ. ಕರಡಿ ಹತ್ತಿ ಕೂತಿದ್ದರೆ ಮಾಂಸ ಅದಕ್ಕೇ ಬಿಡಿ.

ಪರೀಕ್ಷೆ, ಫ್ರೀಜರ್, ಒಲೆ

ಸಿಡಬ್ಲ್ಯುಡಿ 1967ರಲ್ಲಿ ಮೊದಲು ಕಂಡದ್ದು ಇದೇ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ. ಮನುಷ್ಯರಿಗೆ ಹರಡಿದ್ದು ಸಾಬೀತಾಗಿಲ್ಲ. ಆದರೂ ರೋಗ ಪತ್ತೆಯಾದ ಮಾಂಸ ತಿನ್ನಬಾರದೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಕಾರಣವಾದ ಪ್ರಿಯಾನ್ (ಆಕಾರ ಕೆಟ್ಟ ಪ್ರೋಟೀನ್) ಬೇಯಿಸಿದರೂ ನಾಶವಾಗದು. ತಲೆಯನ್ನು ಇಲಾಖೆಯ ಮಾದರಿ ಕೇಂದ್ರಕ್ಕೆ ಕೊಡಿ. ಕೆಲವು ಯೂನಿಟ್‌ಗಳಲ್ಲಿ ಇದು ಕಡ್ಡಾಯ, ಅಲ್ಲಿ ಶುಲ್ಕವಿಲ್ಲ. ಫಲಿತಾಂಶ ಬರುವವರೆಗೆ ಪ್ರತಿ ಪೊಟ್ಟಣದ ಮೇಲೆ ಟ್ಯಾಗ್ ಸಂಖ್ಯೆ ಬರೆದು ಬೇರೆ ಇಡಿ. ಗೆಳೆಯರ ಜಿಂಕೆಯ ಜೊತೆ ಖೀಮಾ ಮಾಡಿ ಬೆರೆಸಿದರೆ, ಒಂದರಲ್ಲಿ ರೋಗವಿದ್ದರೂ ಎರಡೂ ಎಸೆಯಬೇಕಾಗುತ್ತದೆ.

ಮ್ಯೂಲ್ ಡೀರ್ ಕೊಬ್ಬು ಮೇಣದಂತೆ, ಸೇಜ್ ಗಿಡದ ಘಾಟು ಅದರಲ್ಲೇ ಇರುವುದು. ಬಿಳಿಯದನ್ನೆಲ್ಲ ಕೆತ್ತಿ ತೆಗೆದು ಬೇರೆ ಎಣ್ಣೆ ಅಥವಾ ತುಪ್ಪ ಹಾಕಿ. ತೊಡೆಯ ಮಾಂಸಕ್ಕೆ ಕಾಳುಮೆಣಸು, ಕೊನೆಗೆ ಒಂದು ಚಮಚ ಕಾಚಂಪುಳಿ ಚೆನ್ನಾಗಿ ಹೊಂದುತ್ತವೆ. ಡೆನ್ವರ್‌ನ ಎತ್ತರದಲ್ಲಿ ನೀರು 95 ಡಿಗ್ರಿಗೇ ಕುದಿಯುವುದರಿಂದ ಪಾತ್ರೆಯಲ್ಲಿ ಬೇಯಿಸಿದರೆ ಮೂರು ಗಂಟೆಯಾದರೂ ಬೇಕು. ಕುಕ್ಕರಿನಲ್ಲಿ ಊರಿನ ಲೆಕ್ಕಕ್ಕಿಂತ ಎರಡು ಸೀಟಿ ಹೆಚ್ಚು.